ಲಗ್ನ ಊರಲ್ಲೋ, ಹೊರಗೋ? ಅಡ್ವಾನ್ಸ್ ಕೊಡುವ ಮೊದಲು ಮನೆಯವರೆಲ್ಲ ಕೂತು ಮಾಡಬೇಕಾದ ಲೆಕ್ಕ

ಈಗ ನಮ್ಮ ಕಡೆ ನಿಶ್ಚಿತಾರ್ಥ ಮುಗಿದ ಮನೆಯಲ್ಲಿ ಮೊದಲ ವಾದ ಸೀರೆಗಲ್ಲ, ಬಂಗಾರಕ್ಕಲ್ಲ, ಜಾಗಕ್ಕೆ. ಮಗಳು ಬೆಂಗಳೂರಲ್ಲೋ ಹೈದರಾಬಾದಲ್ಲೋ ಕೆಲಸದಲ್ಲಿರುತ್ತಾಳೆ. ಅವಳ ಗೆಳತಿಯ ಮದುವೆ ಗೋವಾದ ಸಮುದ್ರದ ದಂಡೆಯಲ್ಲಿ ಆಗಿರುತ್ತದೆ. ಅಪ್ಪನ ಮನಸ್ಸಲ್ಲಿ ಊರಿನ ಫಂಕ್ಷನ್ ಹಾಲ್, ಇಡೀ ಓಣಿಗೆ ಊಟ, ಬೀಗರ ಮುಂದೆ ಭಜಂತ್ರಿ. ಇಬ್ಬರ ಮಾತಲ್ಲೂ ನ್ಯಾಯ ಇದೆ. ಯಾರೂ ಹಠಮಾರಿಗಳಲ್ಲ.

ಬಳ್ಳಾರಿ, ರಾಯಚೂರು, ಕೊಪ್ಪಳದವರಿಗೆ ಈ ಪ್ರಶ್ನೆ ಬೇರೆಯವರಿಗಿಂತ ಸ್ವಲ್ಪ ಬೇರೆ. ದೇಶದ ಎಲ್ಲೆಲ್ಲಿಂದಲೋ ಜನ ಮದುವೆ ಮಾಡಿಕೊಳ್ಳಲು ಹುಡುಕಿ ಬರುವ ಜಾಗ ನಮ್ಮ ಮನೆ ಬಾಗಿಲಲ್ಲೇ ಇದೆ. ಗಂಗಾವತಿಯಿಂದ ಆನೆಗೊಂದಿಗೆ ಆಟೋದಲ್ಲಿ ಹೋಗಬಹುದು. ಕೊಪ್ಪಳದಿಂದಾಗಲಿ ಬಳ್ಳಾರಿಯಿಂದಾಗಲಿ ಹಂಪಿಗೆ ಹೋಗಿ ಸಂಜೆ ಮನೆಗೆ ವಾಪಸ್ ಬರಬಹುದು. ಹಾಗಾಗಿ ಹೊರಗಿನ ಮದುವೆ ಅಂದರೆ ನಮಗೆ ಒಂದೇ ಅರ್ಥ ಇಲ್ಲ. ಹಂಪಿ, ಆನೆಗೊಂದಿ, ಸಾಣಾಪುರದ ಕಡೆಯ ರೆಸಾರ್ಟ್ ಒಂದು ಬಗೆ. ಹುಲಿಗಿ, ಮಂತ್ರಾಲಯದಂಥ ಕ್ಷೇತ್ರದಲ್ಲಿ ಲಗ್ನ ಮಾಡೋದು ಇನ್ನೊಂದು. ಗೋವಾ, ಉದಯಪುರ ಮೂರನೆಯದು. ಈ ಮೂರನ್ನೂ ಒಂದೇ ತಕ್ಕಡಿಗೆ ಹಾಕಿ "ಡೆಸ್ಟಿನೇಶನ್ ಮದುವೆ ಬೇಕಾ ಬೇಡ್ವಾ" ಅಂತ ವಾದ ಮಾಡಿದರೆ ಮುಗಿಯೋದೇ ಇಲ್ಲ. ಯಾವುದರ ಬಗ್ಗೆ ಮಾತಾಡ್ತಿದ್ದೀವಿ ಅನ್ನೋದನ್ನ ಮೊದಲು ಸ್ಪಷ್ಟ ಮಾಡಿಕೊಳ್ಳಿ.

ಹೆಚ್ಚಿನ ಮನೆಗಳಲ್ಲಿ ಎಡವಟ್ಟಾಗುವುದು ಕೆಲಸದ ಕ್ರಮದಲ್ಲಿ. ಮೊದಲು ರೀಲ್ಸ್ ನೋಡಿ ಜಾಗ ಮೆಚ್ಚುತ್ತಾರೆ. ಅಡ್ವಾನ್ಸ್ ಕೊಡುತ್ತಾರೆ. ಆಮೇಲೆ ದಿನ ಹೊಂದಿಸುತ್ತಾರೆ. ಕೊನೆಗೆ "ಯಾರನ್ನ ಬಿಡೋಣ" ಅಂತ ಕೂರುತ್ತಾರೆ. ಇದನ್ನು ತಿರುಗಿಸಿ ಮಾಡಿ. ಮೊದಲು ಹೆಸರು, ಆಮೇಲೆ ದಿನ, ಆಮೇಲೆ ದಾರಿ, ಆಮೇಲೆ ಜಾಗ, ಆಮೇಲೆ ದುಡ್ಡು. ಈ ಕ್ರಮದಲ್ಲಿ ಹೋದರೆ ಅರ್ಧ ದಾರಿಯಲ್ಲೇ ಉತ್ತರ ತಾನಾಗಿ ಸಿಗುತ್ತದೆ.

ಮೊದಲು ಹೆಸರು ಬರೆಯಿರಿ

ಒಂದು ನೋಟ್‌ಬುಕ್ ತಗೊಂಡು ಹಾಳೆಯನ್ನು ಮೂರು ಭಾಗ ಮಾಡಿ. ಮೊದಲನೆಯದರಲ್ಲಿ ಯಾರು ಇಲ್ಲದೆ ಅಕ್ಕಿಕಾಳು ಬೀಳಬಾರದೋ ಅವರ ಹೆಸರು. ಅಜ್ಜ, ಅಜ್ಜಿ, ದೊಡ್ಡಪ್ಪ, ಕಾಕಾ, ಸೋದರಮಾವ, ಅತ್ತಿ, ಹುಡುಗ-ಹುಡುಗಿಯ ಜೀವದ ಗೆಳೆಯರು. ಎರಡನೆಯದರಲ್ಲಿ ಬಂದರೆ ಸಂತೋಷ, ಬರದಿದ್ದರೆ ಅರ್ಥ ಮಾಡಿಕೊಳ್ಳುತ್ತೀವಿ ಅನ್ನುವಂಥವರು. ಮೂರನೆಯದರಲ್ಲಿ, ಕರೆಯದಿದ್ದರೆ ಮನಸ್ಸಿಗೆ ಹಚ್ಚಿಕೊಳ್ಳುವವರು. ಈ ಮೂರನೇ ಭಾಗವೇ ತೂಕದ್ದು. ಬಹಳ ಮನೆಗಳಲ್ಲಿ ಅದನ್ನು ಬರೆಯುವುದೇ ಇಲ್ಲ.

ಹೆಸರಿನ ಮುಂದೆ ಒಂದೊಂದು ಸಣ್ಣ ಗುರುತು ಹಾಕಿ. ಯಾರಿಗೆ ಮೊಣಕಾಲು ನೋವು, ಯಾರಿಗೆ ಸಕ್ಕರೆ ಕಾಯಿಲೆ, ಯಾರ ಮನೆಯಲ್ಲಿ ಹಿಂಡುವ ಎಮ್ಮೆ ಇದೆ, ಯಾರ ಅಂಗಡಿ ಎರಡು ದಿನ ಮುಚ್ಚಲು ಆಗಲ್ಲ, ಯಾರ ಮಕ್ಕಳಿಗೆ ಪರೀಕ್ಷೆ. ಎಮ್ಮೆ ಇರುವ ಮನೆಯ ಹೆಣ್ಣುಮಗಳು ಗೋವಾಕ್ಕೆ ಬರಲ್ಲ. ಅವಳಿಗೆ ಆಸೆ ಇಲ್ಲ ಅಂತಲ್ಲ, ಬೆಳಿಗ್ಗೆ ಸಂಜೆ ಹಾಲು ಕರೆಯೋರು ಯಾರು ಅನ್ನೋದು ಪ್ರಶ್ನೆ. "ಅಷ್ಟು ದೂರ ನನ್ನ ಕಾಲು ಬರಂಗಿಲ್ಲವ್ವ, ನೀವು ಚೆಂದಂಗೆ ಮಾಡ್ಕೊಂಡು ಬರ್ರಿ" ಅಂತ ಅಜ್ಜಿ ಹೇಳಿದರೆ ಅದನ್ನು ಒಪ್ಪಿಗೆ ಅಂತ ತಿಳಿಯಬೇಡಿ. ಮೊಮ್ಮಗಳ ಆಸೆಗೆ ಅಡ್ಡ ಬರಬಾರದು ಅಂತ ಹೇಳಿದ ಮಾತದು. ಇನ್ನೊಂದು ಸಲ, ಪಕ್ಕದಲ್ಲಿ ಕೂತು ಕೇಳಿ.

ಇದಾದ ಮೇಲೆ ಮನೆಯ ಮುಯ್ಯಿ ಪುಸ್ತಕ ಹೊರಗೆ ತೆಗೆಯಿರಿ. ಊರ ಲಗ್ನ ಕಂಡವರಿಗೆ ಆ ಟೇಬಲ್ ಗೊತ್ತೇ ಇದೆ. ಫಂಕ್ಷನ್ ಹಾಲ್‌ನ ಬಾಗಿಲ ಪಕ್ಕ ಇರುತ್ತದೆ. ಅಲ್ಲಿ ಮನೆಯ ನಂಬಿಕಸ್ತ ಅಳಿಯನೋ, ಸಾಲಿ ಮಾಸ್ತರೋ ಕೂತಿರುತ್ತಾರೆ. ಮುಂದೆ ಉದ್ದನೆಯ ಪುಸ್ತಕ, ಮೊದಲ ಪುಟದ ಮೇಲೆ ಅರಿಶಿಣ ಕುಂಕುಮದ ಬೊಟ್ಟು. ಕವರ್ ಬಿಚ್ಚಿ, ನೋಟು ಎಣಿಸಿ, ಊರು, ಮನೆತನ, ಅದರ ಮುಂದೆ 101, 501, 1,001 ಅಂತ ಬರೆಯುತ್ತಾರೆ. ಪಕ್ಕದಲ್ಲಿ ನಿಂತವರು "ಬರ್ಕೊಂಡ್ರಾ?" ಅಂತ ಬಗ್ಗಿ ನೋಡಿ, ತಮ್ಮ ಹೆಸರು ಸರಿಯಾಗಿ ಬಿದ್ದಿದೆಯಾ ಅಂತ ಖಾತ್ರಿ ಮಾಡಿಕೊಂಡೇ ಊಟಕ್ಕೆ ಹೋಗುತ್ತಾರೆ. ನಾಳೆ ಅವರ ಮನೆಯ ಲಗ್ನ ಬಂದಾಗ ಈ ಪುಟ ತೆಗೆದು ನೋಡುತ್ತೀವಿ. ಇಪ್ಪತ್ತು ವರ್ಷದ ಹಿಂದೆ ನಿಮ್ಮ ಅಕ್ಕನ ಲಗ್ನಕ್ಕೆ 51 ಹಾಕಿದವರು ಇವತ್ತೂ ಆ ನಂಟನ್ನು ನೆನಪಲ್ಲಿ ಇಟ್ಟುಕೊಂಡಿರುತ್ತಾರೆ. ನೀವು ಯಾರ ಮನೆಯಲ್ಲಿ ಮುಯ್ಯಿ ಮಾಡಿದ್ದೀರೋ ಅವರಿಗೂ ಅದನ್ನು ತೀರಿಸುವ ಆಸೆ ಇರುತ್ತದೆ. ದೂರದ ಊರಲ್ಲಿ ನೂರು ಜನರ ಮದುವೆ ಮಾಡಿದರೆ ಈ ಅಷ್ಟೂ ಮನೆಗಳಿಗೆ ಬಾಗಿಲು ಹಾಕಿದ ಹಾಗೆ.

ಹೊರಗಿನ ಮದುವೆ ಮಾಡಲೇಬಾರದು ಅಂತ ನಾನು ಹೇಳುತ್ತಿಲ್ಲ. ಪುಸ್ತಕದಲ್ಲಿ ಹೆಸರಿರುವವರಿಗೆ ಊರಲ್ಲಿ ಒಂದು ಹೊತ್ತಿನ ಊಟ ಹಾಕುವ ಖರ್ಚನ್ನೂ ಬಜೆಟ್‌ನಲ್ಲಿ ಸೇರಿಸಿ ಅನ್ನುತ್ತಿದ್ದೀನಿ. ಮುಯ್ಯಿ ಬೇಡ ಅಂತಿದ್ದರೆ ಲಗ್ನಪತ್ರಿಕೆಯಲ್ಲೇ ಹಾಕಿಸಿ. ಫೋನಿನಲ್ಲಿ ಕ್ಯೂಆರ್ ಕೋಡ್ ಮಾತ್ರ ಕಳಿಸಬೇಡಿ.

ನನ್ನ ಅಂದಾಜು ಹೀಗೆ. ಮೊದಲನೇ ಮತ್ತು ಮೂರನೇ ಭಾಗ ಸೇರಿ ಎರಡೂ ಕಡೆಯಿಂದ 150 ಹೆಸರು ದಾಟದಿದ್ದರೆ ಹೊರಗಿನ ಮದುವೆ ಆರಾಮಾಗಿ ಯೋಚಿಸಬಹುದು. 400 ದಾಟಿದರೆ ಊರೇ ಸರಿ, ಮುಂದೆ ಓದುವ ಅಗತ್ಯವೂ ಜಾಸ್ತಿ ಇಲ್ಲ. ನಡುವೆ ಇದ್ದರೆ ದಿನ, ದಾರಿ ಮತ್ತು ದುಡ್ಡು ತೀರ್ಮಾನ ಮಾಡಲಿ.

ದಿನ ನೋಡುವಾಗ ಬಿಸಿಲೂ ನೋಡಿ

ಪಂಚಾಂಗ ನೋಡೋದು ಎಲ್ಲರಿಗೂ ಗೊತ್ತು. ಆಷಾಢ ಬೇಡ, ಪಿತೃಪಕ್ಷ ಬೇಡ, ಧನುರ್ಮಾಸ ಬೇಡ, ಗುರು-ಶುಕ್ರರ ಮೌಢ್ಯ ಬೇಡ. ಅಧಿಕ ಮಾಸ ಬಂದ ವರ್ಷ ದಿನಗಳು ಇನ್ನೂ ಕಡಿಮೆ. 2026ರಲ್ಲಿ ಮೇ 17ರಿಂದ ಜೂನ್ 15ರವರೆಗೆ ಅಧಿಕ ಜ್ಯೇಷ್ಠ. ಹಾಗಾಗಿ ಆ ಬೇಸಿಗೆಯ ಮುಹೂರ್ತಗಳೆಲ್ಲ ಏಪ್ರಿಲ್ ಮತ್ತು ಮೇ ಮೊದಲ ವಾರಗಳಲ್ಲೇ ಒತ್ತಿಕೊಂಡು ಬರುತ್ತವೆ. ಒಂದೇ ದಿನಕ್ಕೆ ಫಂಕ್ಷನ್ ಹಾಲ್, ಅಡುಗೆಯವರು, ಫೋಟೊದವರು, ಬಸ್ಸು ಎಲ್ಲಕ್ಕೂ ಪೈಪೋಟಿ.

ನಮ್ಮ ಮೂರೂ ಜಿಲ್ಲೆಗಳಲ್ಲಿ ಏಪ್ರಿಲ್-ಮೇನಲ್ಲಿ ಬಿಸಿಲು 40 ಡಿಗ್ರಿ ದಾಟುವುದು ಸಾಮಾನ್ಯ. ಅಕ್ಕಿಕಾಳು ಬೀಳೋದು ಹೆಚ್ಚಾಗಿ ಮಧ್ಯಾಹ್ನ ಹನ್ನೊಂದರಿಂದ ಒಂದರ ನಡುವೆ. ಆನೆಗೊಂದಿ, ಸಾಣಾಪುರದ ಸೌಂದರ್ಯ ಅಂದರೆ ಬಂಡೆ. ಆ ಬಂಡೆ ಹಗಲೆಲ್ಲ ಕಾದು, ಕತ್ತಲಾದ ಮೇಲೂ ಝಳ ಬಿಡುತ್ತಲೇ ಇರುತ್ತದೆ. ಡಿಸೆಂಬರ್ ಸಂಜೆ ಹೋಗಿ ನೋಡಿ ಮೆಚ್ಚಿದ ಹುಲ್ಲುಹಾಸನ್ನು ಏಪ್ರಿಲ್ ಮಧ್ಯಾಹ್ನಕ್ಕೆ ಬುಕ್ ಮಾಡಬೇಡಿ. ಯಾವ ತಿಂಗಳು ಲಗ್ನವೋ, ಆಗದಿದ್ದರೆ ಯಾವ ಹೊತ್ತಿಗೆ ಲಗ್ನವೋ, ಆ ಹೊತ್ತಿಗೆ ಹೋಗಿ ಅರ್ಧ ಗಂಟೆ ಸುಮ್ನೆ ನಿಲ್ಲಿ. ರೇಷ್ಮೆ ಸೀರೆ ಉಟ್ಟು, ಬಾಸಿಂಗ ಕಟ್ಟಿಕೊಂಡು ಅಲ್ಲೇ ಮೂರು ಗಂಟೆ ಕೂರುವ ಹುಡುಗಿಯನ್ನು ನೆನೆಯಿರಿ. ಬೇಸಿಗೆಯಲ್ಲೇ ಬೇಕು ಅಂದರೆ ಗೋಧೂಳಿ ಮುಹೂರ್ತ ಸಿಗುತ್ತದಾ ಅಂತ ಅಯ್ಯನವರನ್ನೋ ಆಚಾರರನ್ನೋ ಕೇಳಿ. ಸಿಗದಿದ್ದರೆ ಎಸಿ ಇರುವ ಒಳಾಂಗಣವೇ ಗತಿ. ಒಳಗೇ ಕೂರೋದಾದರೆ ಊರಿನ ಹಾಲಿಗೂ ಅದಕ್ಕೂ ಏನು ವ್ಯತ್ಯಾಸ, ಅಲ್ವಾ?

ಹಂಪಿ ಕಡೆಗೆ ಒಳ್ಳೆಯ ಹವೆ ನವೆಂಬರ್‌ನಿಂದ ಫೆಬ್ರವರಿವರೆಗೆ. ಆದರೆ ಆಗಲೇ ಜಾತ್ರೆ, ಉತ್ಸವ, ರಜೆ ಎಲ್ಲ. ಡಿಸೆಂಬರ್‌ನಲ್ಲಿ ಹನುಮಮಾಲೆ ವಿಸರ್ಜನೆಗೆ ಅಂಜನಾದ್ರಿಗೆ ಬರುವ ಜನಸಾಗರದಲ್ಲಿ ಗಂಗಾವತಿ-ಆನೆಗೊಂದಿ ರಸ್ತೆಯಲ್ಲಿ ದಿಬ್ಬಣದ ಬಸ್ಸು ಮುಂದೆ ಹೋಗಲ್ಲ. ವರ್ಷದ ಕೊನೆಯ ವಾರ ಹಂಪಿಯ ರೂಮಿನ ದರ ಕೇಳಲೇಬೇಡಿ. ಹಂಪಿ ಉತ್ಸವದ ದಿನಾಂಕ ಪ್ರತಿ ವರ್ಷ ಸರ್ಕಾರ ಹೇಳುವ ತನಕ ಖಚಿತವಿಲ್ಲ. ಜನವರಿಯಲ್ಲಿ ಗವಿಮಠದ ಜಾತ್ರೆ ಬಂತೆಂದರೆ ಕೊಪ್ಪಳದ ಲಾಡ್ಜ್‌ಗಳಲ್ಲಿ ರೂಮು ಸಿಗಲ್ಲ. ಹಂಪಿಯಲ್ಲಿ ಸ್ವತಃ ವಿರೂಪಾಕ್ಷ-ಪಂಪಾದೇವಿಗೆ ಚಳಿಗಾಲದಲ್ಲಿ ಫಲಪೂಜೆ, ಅಂದರೆ ನಿಶ್ಚಿತಾರ್ಥ. ಚೈತ್ರದಲ್ಲಿ ಕಲ್ಯಾಣ, ರಥೋತ್ಸವ. ಆ ದಿನಗಳಲ್ಲಿ ಸುತ್ತಲಿನ ಹಳ್ಳಿಗಳ ಜನ ಅಲ್ಲೇ ಇರುತ್ತಾರೆ.

ಮಳೆಗಾಲದ ಮಾತು ಬೇರೆ. ತುಂಗಭದ್ರಾ ಡ್ಯಾಮ್ ತುಂಬಿ ನದಿಗೆ ನೀರು ಬಿಟ್ಟರೆ ಕಂಪ್ಲಿ ಸೇತುವೆ ಮುಳುಗುತ್ತದೆ. ಗಂಗಾವತಿಯಿಂದ ಕಂಪ್ಲಿ ದಾರಿಯಲ್ಲಿ ಬಳ್ಳಾರಿಗೆ ಹೋಗುವವರು ಸುತ್ತು ಹಾಕಬೇಕು. ಶ್ರಾವಣದಲ್ಲಿ ಲಗ್ನ ಇಟ್ಟುಕೊಂಡವರು ಇದನ್ನು ಮೊದಲೇ ಲೆಕ್ಕಕ್ಕೆ ಹಿಡಿಯಬೇಕು.

ಇನ್ನು ಸುಗ್ಗಿ. ಗಂಗಾವತಿ, ಕಾರಟಗಿ, ಸಿಂಧನೂರು, ಸಿರುಗುಪ್ಪದ ನೆಂಟರು ಭತ್ತ ಕೊಯ್ಯುವ ಹೊತ್ತಿನಲ್ಲಿ ಎರಡು ರಾತ್ರಿ ಮನೆ ಬಿಟ್ಟು ಬರಲ್ಲ. ಕೊಯ್ಲಿನ ಮಷೀನು ಸಿಗುವ ದಿನವೇ ಅವರಿಗೆ ಮುಹೂರ್ತ. ಊರಲ್ಲಿ ಲಗ್ನ ಇದ್ದರೆ ಬೆಳಿಗ್ಗೆ ಗದ್ದೆಗೆ ಹೋಗಿ, ಮಧ್ಯಾಹ್ನ ಅಕ್ಕಿಕಾಳು ಹಾಕಿ, ಊಟ ಮಾಡಿ ಮತ್ತೆ ಗದ್ದೆಗೆ ಹೋಗುತ್ತಾರೆ.

ದಾರಿ ಮತ್ತು ಬಸ್ಸು

ಊರ ಲಗ್ನಕ್ಕೆ ಜನ ಅವರವರೇ ಬರುತ್ತಾರೆ. ಹೊರಗಿನ ಲಗ್ನಕ್ಕೆ ಕರೆದುಕೊಂಡು ಹೋಗುವ ಜವಾಬ್ದಾರಿ ನಿಮ್ಮದು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ನಮ್ಮ ಹೆಣ್ಣುಮಕ್ಕಳು ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ರಾಜ್ಯದೊಳಗೆ ಟಿಕೆಟ್ ಇಲ್ಲದೆ ಓಡಾಡುತ್ತಾರೆ. ಲಿಂಗಸುಗೂರಿನ ಸಣ್ಣವ್ವ, ಕುಷ್ಟಗಿಯ ಅತ್ತಿ ಗಂಗಾವತಿಯ ಲಗ್ನಕ್ಕೆ ಯಾರನ್ನೂ ಕೇಳದೆ ತಾವೇ ಬಂದುಬಿಡುತ್ತಾರೆ. ಆನೆಗೊಂದಿಗೂ ಹಾಗೇ ಬರಬಹುದು, ಬಸ್ ನಿಲ್ದಾಣದಿಂದ ರೆಸಾರ್ಟಿಗೆ ಒಂದು ಗಾಡಿ ಇಟ್ಟರೆ ಸಾಕು. ಗೋವಾಕ್ಕೆ, ಮಂತ್ರಾಲಯಕ್ಕೆ ರಾಜ್ಯದ ಗಡಿ ದಾಟಬೇಕು, ಅಲ್ಲಿಯ ತನಕ ಉಚಿತ ಪ್ರಯಾಣ ಇಲ್ಲ.

ಕಲ್ಯಾಣ ಕರ್ನಾಟಕ ಸಾರಿಗೆಯ ಬಸ್ಸುಗಳನ್ನು ಲಗ್ನಕ್ಕೆ ಬಾಡಿಗೆಗೆ ಪಡೆಯಬಹುದು. ಹತ್ತಿರದ ಡಿಪೋದಲ್ಲಿ ವಿಚಾರಿಸಿ. ಕನಿಷ್ಠ ಕಿಲೋಮೀಟರ್ ಎಷ್ಟು, ಕಾಯುವ ಗಂಟೆಗೆ ಎಷ್ಟು ಅನ್ನೋದನ್ನ ಬರೆಸಿಕೊಳ್ಳಿ. ಗೋವಾ ಅಂದರೆ ಹೊಸಪೇಟೆಯಿಂದಲೇ 300 ಕಿಲೋಮೀಟರ್ ಮೇಲೆ. ಘಾಟಿ ಇಳಿಯುವಾಗ ಬಸ್ಸಿನಲ್ಲಿ ವಾಂತಿ ಮಾಡಿಕೊಳ್ಳುವವರು ಪ್ರತಿ ಮನೆಯಲ್ಲೂ ಇರುತ್ತಾರೆ. ರೈಲು ವಾಸಿ. ಬಳ್ಳಾರಿ, ಹೊಸಪೇಟೆ ಮೇಲೆ ಗೋವಾದ ವಾಸ್ಕೋಗೆ ಹೋಗುವ ಅಮರಾವತಿ ಎಕ್ಸ್‌ಪ್ರೆಸ್ ಇದೆ, ದಿನಾ ಇಲ್ಲ. ಈಗ ರೈಲಿನ ಮುಂಗಡ ಬುಕಿಂಗ್ ಪ್ರಯಾಣಕ್ಕೆ 60 ದಿನ ಮೊದಲು ಮಾತ್ರ ಶುರು. ಒಂದು ಟಿಕೆಟ್ಟಿನಲ್ಲಿ ಆರು ಜನ. ಎಂಬತ್ತು ಜನರನ್ನು ಒಂದೇ ಗಾಡಿಯಲ್ಲಿ ಸಾಗಿಸೋದು ಅಂದರೆ ಬುಕಿಂಗ್ ಓಪನ್ ಆಗುವ ಬೆಳಿಗ್ಗೆ ಮನೆಮಂದಿ ನಾಲ್ಕೈದು ಫೋನ್ ಹಿಡಿದು ಕೂರಬೇಕು. ಬೆಂಗಳೂರು, ಹೈದರಾಬಾದಿನ ಗೆಳೆಯರಿಗೆ ಹಂಪಿ ಕಡೆ ಸುಲಭ. ಹಂಪಿ ಎಕ್ಸ್‌ಪ್ರೆಸ್ ರಾತ್ರಿ ಬೆಂಗಳೂರು ಬಿಟ್ಟು ಬೆಳಿಗ್ಗೆ ಹೊಸಪೇಟೆಗೆ ತರುತ್ತದೆ.

ಜಾಗಕ್ಕೆ ಹೋದಾಗ ಕಾಗದ ಕೇಳಿ

ರೆಸಾರ್ಟ್ ನೋಡಲು ಹೋದಾಗ ಎಲ್ಲರೂ ಹೂವಿನ ಮಂಟಪದ ಫೋಟೊ ತೋರಿಸುತ್ತಾರೆ. ನೀವು ಪರವಾನಗಿ ತೋರಿಸಿ ಅನ್ನಿ. ಹಂಪಿ ವಿಶ್ವ ಪರಂಪರೆ ಪ್ರದೇಶ ಅಂದರೆ ನದಿಯ ಆಚೆ ಹಂಪಿ ಮಾತ್ರವಲ್ಲ, ಈಚೆ ಆನೆಗೊಂದಿ ಭಾಗವೂ ಅದರ ಪ್ರಾಧಿಕಾರದ ಕೆಳಗೆ ಬರುತ್ತದೆ. ವಿರೂಪಾಪುರ ಗಡ್ಡೆಯ ರೆಸಾರ್ಟ್‌ಗಳನ್ನು ಸುಪ್ರೀಂ ಕೋರ್ಟ್ ಆದೇಶದ ಮೇಲೆ 2020ರ ಮಾರ್ಚ್‌ನಲ್ಲಿ ಕೆಡವಿದ್ದು ಈ ಭಾಗದವರೆಲ್ಲ ನೋಡಿದ್ದೇ. ಆರು ತಿಂಗಳು ಮುಂಚೆ ಅಡ್ವಾನ್ಸ್ ಕೊಟ್ಟ ಜಾಗಕ್ಕೆ ಲಗ್ನದ ಹಿಂದಿನ ವಾರ ಬೀಗ ಬಿದ್ದರೆ ಲಗ್ನಪತ್ರಿಕೆ ಹಂಚಿದ ಅಪ್ಪ ಏನು ಮಾಡಬೇಕು? ಪಂಚಾಯ್ತಿ ಪರವಾನಗಿ, ಪ್ರಾಧಿಕಾರದ ಒಪ್ಪಿಗೆ ಎರಡನ್ನೂ ಕಣ್ಣಲ್ಲಿ ನೋಡಿ, ಫೋನಲ್ಲಿ ಫೋಟೊ ತೆಗೆದುಕೊಳ್ಳಿ. ತೋರಿಸಲು ಹಿಂದೆಮುಂದೆ ನೋಡಿದರೆ ಅಲ್ಲಿಂದ ಎದ್ದು ಬನ್ನಿ.

ಸ್ಮಾರಕದ ಒಳಗೇ ಮದುವೆ ಮಾಡಿಸುತ್ತೀವಿ ಅನ್ನುವವರ ಮಾತು ನಂಬಬೇಡಿ. ಸಂರಕ್ಷಿತ ಸ್ಮಾರಕಗಳಲ್ಲಿ ಸಭೆ, ಆರತಕ್ಷತೆ, ಪಾರ್ಟಿ ಯಾವುದನ್ನೂ ಕೇಂದ್ರದ ಅನುಮತಿ ಇಲ್ಲದೆ ನಡೆಸುವಂತಿಲ್ಲ. 1959ರಿಂದಲೇ ಈ ನಿಯಮ ಇದೆ. ಲೈಟು, ಸ್ಟ್ಯಾಂಡು ಹಿಡಿದು ಮದುವೆ ವಿಡಿಯೊ ಮಾಡುವುದಕ್ಕೂ ಪುರಾತತ್ವ ಇಲಾಖೆಯನ್ನು ಮೊದಲೇ ಕೇಳಬೇಕು. ಆ ಕಲ್ಲುಗಳು ನಮ್ಮವು, ನಾವೇ ಕಾಯಬೇಕು.

ಇನ್ನೂ ನಾಲ್ಕು ವಿಷಯ ಕೇಳಿ ಬರೆದುಕೊಳ್ಳಿ. ಕರೆಂಟ್ ಹೋದರೆ ಜನರೇಟರ್ ಅಡುಗೆಮನೆಗೂ ಎಸಿಗೂ ಸಾಕಾಗುತ್ತದಾ? ರೂಮಿನಿಂದ ಮಂಟಪಕ್ಕೆ ಎಷ್ಟು ಮೆಟ್ಟಿಲು? ರಾತ್ರಿ ಯಾರಿಗಾದರೂ ಎದೆನೋವು ಬಂದರೆ ಆಸ್ಪತ್ರೆ ಎಷ್ಟು ದೂರ? ರಾತ್ರಿ ಹತ್ತರ ಮೇಲೆ ಬಯಲಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ, ಹಾಗಾದರೆ ಸಂಗೀತ್ ಕಾರ್ಯಕ್ರಮ ಎಷ್ಟು ಹೊತ್ತಿಗೆ ಮುಗಿಸಬೇಕು? ಸಾಣಾಪುರದಲ್ಲಿ ಇನ್ನೊಂದು ಎಚ್ಚರ ಬೇಕು. ನದಿಯ ಬಂಡೆಗಳ ಮೇಲಿಂದ ನೀರಿಗೆ ಹಾರಿ ಪ್ರವಾಸಿಗರು ಜೀವ ಕಳೆದುಕೊಂಡಿದ್ದಾರೆ. ಮೇಲೆ ಶಾಂತವಾಗಿ ಕಂಡರೂ ಒಳಗೆ ಸೆಳೆತ ಜೋರು. ಮದುವೆಗೆ ಬಂದ ಹುಡುಗರನ್ನು ನೋಡಿಕೊಳ್ಳಲು ಮನೆಯ ಒಬ್ಬ ದೊಡ್ಡವರನ್ನು ನೇಮಿಸಿ. ತೆಪ್ಪ ಹತ್ತುವುದಾದರೆ ಲೈಫ್ ಜಾಕೆಟ್ ಹಾಕಿಕೊಂಡೇ ಹತ್ತಲಿ.

ದುಡ್ಡಿನ ಲೆಕ್ಕ ಎರಡು ಹಾಳೆಯಲ್ಲಿ

ಜನ ಕಡಿಮೆ ಆದರೆ ಖರ್ಚು ಕಡಿಮೆ ಅನ್ನೋ ಮಾತು ಅರ್ಧ ಮಾತ್ರ ನಿಜ. ಊರ ಲಗ್ನದ ಖರ್ಚು ಒಂದು ಹಾಳೆಯಲ್ಲಿ, ಹೊರಗಿನದು ಇನ್ನೊಂದರಲ್ಲಿ ಬರೆಯಿರಿ. ಊರ ಲಗ್ನದಲ್ಲಿ ದುಡ್ಡು ಹೋಗೋದು ಊಟದ ಎಲೆಗೆ. ಹೊರಗಿನ ಲಗ್ನದಲ್ಲಿ ದುಡ್ಡು ಹೋಗೋದು ರೂಮಿಗೆ. 120 ಜನ, ರೂಮಿಗೆ ಇಬ್ಬರು, ಎರಡು ರಾತ್ರಿ ಅಂದರೆ 60 ರೂಮು, 120 ರೂಮು-ರಾತ್ರಿಯ ಬಾಡಿಗೆ. ಅದರ ಮೇಲೆ ಒಬ್ಬೊಬ್ಬರಿಗೆ ಐದಾರು ಹೊತ್ತಿನ ಊಟ ತಿಂಡಿ. ಸಾಣಾಪುರ ಕಡೆಯ ಹೆಚ್ಚಿನ ರೆಸಾರ್ಟ್‌ಗಳು ಸಣ್ಣವು. 60 ರೂಮು ಒಂದೇ ಕಡೆ ಸಿಗಲ್ಲ, ಎರಡು ಮೂರು ಕಡೆ ಹಂಚಬೇಕು, ನಡುವೆ ಗಾಡಿ ಓಡಿಸಬೇಕು. ಊರಲ್ಲಿ ಇದೇ ನೆಂಟರು ಕಾಕಾನ ಮನೆಯಲ್ಲಿ, ಎದುರಮನೆ ಮಾಳಿಗೆ ಮೇಲೆ ಚಾಪೆ ಹಾಸಿ ಮಲಗುತ್ತಾರೆ. ಓಣಿಯವರು ಮಾಡುವ ಆ ಉಪಕಾರಕ್ಕೆ ಬಿಲ್ ಬರಲ್ಲ.

ಊಟದ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೀನಿ. ಸ್ವಂತ ಗದ್ದೆಯ ಸೋನಾ ಮಸೂರಿ ಮನೆಯಲ್ಲಿ ಇರುತ್ತದೆ. ಹದಿನೈದು ದಿನ ಮೊದಲೇ ಓಣಿಯ ಹೆಣ್ಣುಮಕ್ಕಳು ಕೂಡಿ ಕಟಕ ರೊಟ್ಟಿ ಬಡಿದು ಇಟ್ಟಿರುತ್ತಾರೆ. ಗೋಧಿ ಹುಗ್ಗಿ, ಎಣ್ಣೆಗಾಯಿ ಪಲ್ಯ, ಶೇಂಗಾ ಚಟ್ನಿ ಅಂದರೆ ನಮ್ಮ ಅಡುಗೆಯವರಿಗೆ ಹೇಳಿಕೊಡಬೇಕಾಗಿಲ್ಲ. ಬೆಳಿಗ್ಗೆ ನಾಷ್ಟಾಕ್ಕೆ ಮಂಡಾಳ ಒಗ್ಗರಣಿ, ಮಿರ್ಚಿ ಇಲ್ಲದಿದ್ದರೆ ಬಳ್ಳಾರಿ ಬೀಗರಿಗೆ ಲಗ್ನ ಅನಿಸೋದೇ ಇಲ್ಲ. ಬಹಳಷ್ಟು ರೆಸಾರ್ಟ್‌ಗಳಲ್ಲಿ ಹೊರಗಿನ ಅಡುಗೆಯವರನ್ನು ಬಿಡಲ್ಲ, ಅವರದೇ ಮೆನು. ಬಿಡುವುದಾದರೂ ಅಡುಗೆಮನೆಗೆ ಬೇರೆ ದುಡ್ಡು. ಅಡ್ವಾನ್ಸ್ ಕೊಡುವ ಮೊದಲೇ ಇದನ್ನು ಕೇಳಿ. ಅವರದೇ ಅಡುಗೆ ಅಂತಾದರೆ ಹುಗ್ಗಿ ಮತ್ತು ರೊಟ್ಟಿ ಮಾಡಿಸಿ, ಒಮ್ಮೆ ಹೋಗಿ ತಿಂದು ನೋಡಿ. ನೂರು ಬಗೆಯ ಬಫೆ ಇಟ್ಟು ಅಜ್ಜನಿಗೆ ಒಂದು ರೊಟ್ಟಿ ಸಿಗದಿದ್ದರೆ ಆ ಊಟಕ್ಕೆ ಅರ್ಥವಿಲ್ಲ.

ತೆರಿಗೆಯನ್ನು ಮರೆಯಬೇಡಿ. ಫಂಕ್ಷನ್ ಹಾಲ್‌ನ ಬಾಡಿಗೆಗೆ 18% ಜಿಎಸ್‌ಟಿ ಇದೆ. ನೋಂದಾಯಿತ ಧಾರ್ಮಿಕ ಟ್ರಸ್ಟ್ ನಡೆಸುವ ಕಲ್ಯಾಣ ಮಂಟಪದ ದಿನದ ಬಾಡಿಗೆ 10,000 ರೂಪಾಯಿಗಿಂತ ಕಡಿಮೆ ಇದ್ದರೆ ವಿನಾಯ್ತಿ ಇದೆ. ದರ ಹೇಳುವಾಗ "ತೆರಿಗೆ ಸೇರಿ ಎಷ್ಟು" ಅಂತಲೇ ಕೇಳಿ.

ಎರಡು ಹಾಳೆಯ ಕೊನೆಗೂ ಒಂದೊಂದು ಸಾಲು ಸೇರಿಸಿ: ಈ ದುಡ್ಡು ಎಲ್ಲಿಂದ ಬರುತ್ತದೆ? ಹುಡುಗ-ಹುಡುಗಿ ತಮ್ಮ ಸಂಬಳದಲ್ಲಿ ಉಳಿಸಿ ಹೊರಗೆ ಮಾಡಿಕೊಳ್ಳುತ್ತೀವಿ ಅಂದರೆ ಅದು ಅವರ ಹಕ್ಕು, ದೊಡ್ಡವರು ಸಂತೋಷದಿಂದ ಒಪ್ಪಬೇಕು. ಎಕರೆ ಗದ್ದೆ ಮಾರಿ ಮಾಡುವುದಾದರೆ ಊರಲ್ಲೂ ಬೇಡ, ಹೊರಗೂ ಬೇಡ. ಸಣ್ಣದಾಗಿ ಮಾಡಿ. ಇನ್ನು ಗಂಡಿನ ಕಡೆಯವರು "ನಮಗೆ ರೆಸಾರ್ಟಲ್ಲೇ ಮಾಡಿಕೊಡಿ" ಅಂತ ಹೆಣ್ಣಿನ ಅಪ್ಪನ ಮೇಲೆ ಹೊರಿಸಿದರೆ, ನನ್ನ ಪ್ರಕಾರ ಅದು ವರದಕ್ಷಿಣೆಯೇ. ಹೆಸರು ಬದಲಾಗಿದೆ ಅಷ್ಟೆ. ಅಂಥ ಮಾತು ಬಂದಾಗಲೇ ಹಿರಿಯರನ್ನು ಕೂರಿಸಿ ಖರ್ಚು ಸಮಪಾಲು ಅಂತ ನಿಕ್ಕಿ ಮಾಡಿಕೊಳ್ಳಿ. ಒಪ್ಪದಿದ್ದರೆ ಆ ಸಂಬಂಧದ ಬಗ್ಗೆಯೇ ಇನ್ನೊಮ್ಮೆ ಯೋಚಿಸಿ.

ಯಾವ ಶಾಸ್ತ್ರ ಮನೆ ಬಿಟ್ಟು ಬರಲ್ಲ

ಮನೆಯ ಹಿರಿಯ ಹೆಣ್ಣುಮಗಳನ್ನು ಕೂರಿಸಿಕೊಂಡು ಶಾಸ್ತ್ರಗಳ ಪಟ್ಟಿ ಮಾಡಿ. ಹಂದರ ಹಾಕಿ ಹಾಲಗಂಬ ನೆಡೋದು ಮನೆ ಮುಂದೆಯೇ ಆಗಬೇಕು. ಐರಾಣಿ ಗಡಿಗೆ ತರೋದು ಊರಿನ ಕುಂಬಾರರ ಮನೆಯಿಂದ. ದೇವಕಾರ್ಯ ಮನೆದೇವರಿಗೆ. ಇವನ್ನು ಬಸ್ಸಿಗೆ ಹಾಕಿ ಸಾಗಿಸಲು ಆಗಲ್ಲ. ಸುರಿಗೆಯನ್ನು ಹೊರಗೂ ಮಾಡಬಹುದು, ಆದರೆ ನೋಡಿ: ನಾಲ್ಕು ಮೂಲೆಗೆ ತಂಬಿಗೆ ಇಟ್ಟು, ಸುತ್ತ ಹಸಿ ನೂಲು ಸುತ್ತಿ, ನಡುವೆ ಕೂರಿಸಿ, ಅರಿಶಿಣ ಹಚ್ಚಿ ನೀರೆರೆಯುವಾಗ ನೆಲವೆಲ್ಲ ಹಳದಿಯಾಗುತ್ತದೆ. ಮನೆಯಂಗಳದಲ್ಲಿ ಅದು ಸಂಭ್ರಮ. ರೆಸಾರ್ಟಿನ ಬಿಳಿ ಟೈಲ್ಸ್ ಮೇಲೆ ಕಲೆಯ ದಂಡ. ಸೋಬಾನ ಹಾಡುವ ಹಿರಿಯರು ಅಲ್ಲಿ ಇರುತ್ತಾರಾ ಅನ್ನೋದೂ ಪ್ರಶ್ನೆ.

ಮುಸ್ಲಿಂ ಮನೆಗಳಲ್ಲಿ ಇದು ಸ್ವಲ್ಪ ಸಲೀಸು. ನಿಕಾಹ್ ಊರ ಮಸೀದಿಯಲ್ಲಿ ಮುಗಿಸಿ ವಲೀಮಾ ಬೇರೆ ಕಡೆ ಇಟ್ಟುಕೊಳ್ಳಬಹುದು.

ಪಟ್ಟಿಯಲ್ಲಿ ಮನೆ ಬಿಟ್ಟು ಬರದ ಶಾಸ್ತ್ರಗಳೇ ಜಾಸ್ತಿ ಇದ್ದರೆ, ಮತ್ತು ಅವನ್ನು ಬಿಡಲು ಮನೆಯವರಿಗೆ ಮನಸ್ಸಿಲ್ಲದಿದ್ದರೆ, ಗೋವಾದ ಮಾತು ಅಲ್ಲಿಗೇ ಮುಗಿಯಿತು. ಹಂಪಿ, ಆನೆಗೊಂದಿ ಇನ್ನೂ ಉಳಿದಿದೆ. ಹಿಂದಿನ ದಿನ ಮನೆಯಲ್ಲಿ ಎಲ್ಲ ಶಾಸ್ತ್ರ ಮುಗಿಸಿ, ಬೆಳಿಗ್ಗೆ ಹೊರಟರೂ ಮುಹೂರ್ತಕ್ಕೆ ತಲುಪಬಹುದು.

ಎರಡನ್ನೂ ಮಾಡಬೇಕು ಅಂದರೆ

ಹೆಚ್ಚಿನ ಮನೆಗಳು ಕೊನೆಗೆ ಬಂದು ನಿಲ್ಲೋದು ಇಲ್ಲಿ. ಸಾಮಾನ್ಯವಾಗಿ ಲಗ್ನ ರೆಸಾರ್ಟಲ್ಲಿ, ಊರಲ್ಲಿ ರಿಸೆಪ್ಶನ್ ಅಂತ ಮಾಡುತ್ತಾರೆ. ನಾನಾದರೆ ಲಗ್ನ ಊರಲ್ಲಿ, ಗೆಳೆಯರ ಕೂಟ ಆನೆಗೊಂದಿಯಲ್ಲಿ ಅನ್ನುತ್ತೇನೆ. ಹಿರಿಯರು ಬರೋದು ಅಕ್ಕಿಕಾಳು ಹಾಕಲು. ಸ್ಟೇಜಿನ ಮುಂದೆ ಸಾಲು ನಿಂತು ಫೋಟೊ ತೆಗೆಸಿಕೊಳ್ಳಲು ಅಲ್ಲ. ಗೆಳೆಯರಿಗೆ ಮುಹೂರ್ತಕ್ಕಿಂತ ಸಂಜೆಯ ಹಾಡು, ಕುಣಿತ, ನದಿದಂಡೆಯ ಗಾಳಿ ಮುಖ್ಯ. ಯಾರಿಗೆ ಏನು ಬೇಕೋ ಅದನ್ನು ಕೊಟ್ಟಂತಾಗುತ್ತದೆ. ಗೆಳೆಯರ ಕೂಟಕ್ಕೆ ಮುಹೂರ್ತದ ಹಂಗಿಲ್ಲ, ಹಾಗಾಗಿ ವಾರದ ನಡುವಿನ ದಿನ, ಕಡಿಮೆ ದರಕ್ಕೆ ಸಿಗುವ ದಿನ ಆರಿಸಬಹುದು. 20 ರೂಮಿನ ಸಣ್ಣ ಜಾಗವೂ ಸಾಕು.

ಒಂದೇ ಷರತ್ತು. ಎರಡು ಕಡೆ ಮಾಡುವವರು ಎರಡನ್ನೂ ದೊಡ್ಡದು ಮಾಡಬೇಡಿ. ಊರ ಲಗ್ನದ ಹಿಂದಿನ ರಾತ್ರಿಯ ರಿಸೆಪ್ಶನ್ ಪೂರ್ತಿ ಕೈಬಿಡಿ. ಎರಡೆರಡು ಸಲ ಹೂವಿನ ಅಲಂಕಾರ, ಎರಡೆರಡು ಸಲ ಡ್ರೋನ್ ಬೇಡ. ಇಲ್ಲದಿದ್ದರೆ ಒಂದು ಲಗ್ನದ ಹೆಸರಲ್ಲಿ ಎರಡು ಲಗ್ನದ ಸಾಲ ಆಗುತ್ತದೆ.

ಹೇಳುವ ರೀತಿ, ಆಮೇಲೆ ಕಾಗದಪತ್ರ

ತೀರ್ಮಾನ ಆದ ವಾರವೇ, ಬೇರೆಯವರ ಬಾಯಿಂದ ಸುದ್ದಿ ಹೋಗುವ ಮೊದಲು, ಮೂರನೇ ಭಾಗದ ಹಿರಿಯರ ಮನೆಗೆ ನೀವೇ ಹೋಗಿ. ಹುಡುಗ ಅಥವಾ ಹುಡುಗಿಯನ್ನು ಜೊತೆಗೆ ಕರೆದುಕೊಂಡು ಹೋಗಿ, ಕಾಲಿಗೆ ಬಿದ್ದು, "ದೊಡ್ಡಪ್ಪ, ಲಗ್ನ ಹೊರಗಡೆ ಸಣ್ಣದಾಗಿ ಇಟ್ಟೀವಿ. ಇಂಥ ದಿನ ಊರಾಗ ಊಟ ಐತಿ, ನೀವು ಬಂದು ಆಶೀರ್ವಾದ ಮಾಡಬೇಕು" ಅಂತ ಬಾಯಿಬಿಟ್ಟು ಹೇಳಿಸಿ. ವಾಟ್ಸಾಪ್ ಸ್ಟೇಟಸ್ ನೋಡಿ ಗೊತ್ತಾದರೆ ಆ ಬೇಸರ ವರ್ಷಗಟ್ಟಲೆ ಇರುತ್ತದೆ. ಎದುರಿಗೆ ಕೂತು ಹೇಳಿದರೆ ನಮ್ಮ ಹಿರಿಯರು ನಾವು ಅಂದುಕೊಂಡಿದ್ದಕ್ಕಿಂತ ಬೇಗ ಒಪ್ಪುತ್ತಾರೆ.

ಅಡ್ವಾನ್ಸ್ ಕೊಡುವಾಗ ರಸೀದಿ ಇಲ್ಲದೆ ಒಂದು ರೂಪಾಯಿ ಬಿಡಬೇಡಿ. ರಸೀದಿಯಲ್ಲಿ ಎಷ್ಟು ರೂಮು, ಎಷ್ಟು ಹೊತ್ತಿನ ಊಟ, ಹಾಲ್ ಎಷ್ಟು ಗಂಟೆಯಿಂದ ಎಷ್ಟು ಗಂಟೆಯವರೆಗೆ ಅನ್ನೋದು ಇರಲಿ. ಮನೆಯಲ್ಲಿ ಸಾವಾಗಿ ಸೂತಕ ಬಂದರೆ ದಿನ ಮುಂದೂಡಲು ಆಗುತ್ತದಾ, ದುಡ್ಡು ಎಷ್ಟು ವಾಪಸ್ ಬರುತ್ತದೆ ಅನ್ನೋದನ್ನ ಸಂಕೋಚ ಬಿಟ್ಟು ಕೇಳಿ ಬರೆಸಿ. ಊರಿನ ಫಂಕ್ಷನ್ ಹಾಲ್‌ನವರು ಪರಿಚಯದ ಮೇಲೆ ದಿನ ಬದಲಿಸಿಕೊಡುತ್ತಾರೆ. ಹೊರಗಿನವರು ಕಾಗದದಲ್ಲಿ ಇದ್ದಷ್ಟೇ ಮಾಡುತ್ತಾರೆ.

ಮದುವೆ ನೋಂದಣಿಯನ್ನು ಲಗ್ನ ಮುಗಿದ ವಾರದಲ್ಲೇ ಮಾಡಿಸಿ. ಹಿಂದೂ ವಿವಾಹ ನೋಂದಣಿಗೆ 2024ರಿಂದ ನೋಂದಣಿ ಇಲಾಖೆಯ ಕಾವೇರಿ 2.0 ತಂತ್ರಾಂಶದಲ್ಲಿ ಆನ್‌ಲೈನ್ ಅರ್ಜಿ ಹಾಕುವ ಅವಕಾಶ ಇದೆ. ಆಧಾರ್, ವಯಸ್ಸಿನ ದಾಖಲೆ, ಲಗ್ನಪತ್ರಿಕೆ, ಮದುವೆಯ ಫೋಟೊ, ಸಾಕ್ಷಿಗಳ ವಿವರ ಸಿದ್ಧ ಇಟ್ಟುಕೊಳ್ಳಿ. ಲಗ್ನಪತ್ರಿಕೆಯಲ್ಲಿ ನಿಜವಾಗಿ ತಾಳಿ ಕಟ್ಟಿದ ಜಾಗದ ವಿಳಾಸ, ದಿನಾಂಕ ಸರಿಯಾಗಿರಲಿ. ಎರಡು ಕಡೆ ಕಾರ್ಯಕ್ರಮ ಇದ್ದವರು ಊರ ಊಟದ ಪತ್ರಿಕೆಯನ್ನು ಬೇರೆಯಾಗಿ ಅಚ್ಚು ಹಾಕಿಸಿ. ಬೇರೆ ಧರ್ಮದವರ ನಡುವಿನ ಮದುವೆಯಾಗಿ ವಿಶೇಷ ವಿವಾಹ ಕಾಯ್ದೆಯಡಿ ನೋಂದಾಯಿಸುವವರಿಗೆ 30 ದಿನದ ನೋಟಿಸ್ ಇದೆ. ಇಬ್ಬರಲ್ಲಿ ಒಬ್ಬರಾದರೂ ಆ ಜಿಲ್ಲೆಯಲ್ಲಿ 30 ದಿನ ವಾಸ ಮಾಡಿರಬೇಕು. ಹಾಗಾಗಿ ಅವರು ಜಾಗ ಹುಡುಕುವುದಕ್ಕೂ ಮೊದಲು ತಮ್ಮ ಊರಿನ ಉಪ ನೋಂದಣಿ ಕಚೇರಿಗೆ ಹೋಗಿ ದಿನಾಂಕ ಹೊಂದಿಸಿಕೊಂಡು ಬರಲಿ.